ಮೂರು ಕಾಲಿನ ಕಾಡೆಮ್ಮೆ

ಮಹಾಶ್ವೇತಾ ಆ ಗಾಜಿನ ಭರಣಿ ಕೊಂಡದ್ದು ಮಾವಿನಕಾಯಿ ಉಪ್ಪಿನಕಾಯಿ ಹಾಕಲೆಂದು. ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ ಅವಳ ಬೀದಿಯ ತುದಿಯ ಮನೆಯ ಮಾರ್ಗರೆಟ್ ಎಂಬ ಅಜ್ಜಿ ಮನೆ ಮಾರಿ, ಮೆಲ್ಬರ್ನ್‌ನಲ್ಲಿರುವ ಮಗಳ ಬಳಿಗೆ ಹೊರಟಿದ್ದರು. ಹಳೆಯ ಸಾಮಾನನ್ನೆಲ್ಲ ಗರಾಜಿನ ಮುಂದೆ ಹರವಿಕೊಂಡು ಮಾರುತ್ತಿದ್ದರು. ಭರಣಿಯಲ್ಲಿ ಅರ್ಧದಷ್ಟು ಹಳೆಯ ಚಿಲ್ಲರೆ ಇತ್ತು. "ಅದನ್ನೂ ಒಯ್ಯಿ, ಎಸೆಯುವ ಕೆಲಸ ತಪ್ಪುತ್ತದೆ" ಎಂದರು.

ಮಹಾಶ್ವೇತಾ ಧಾರವಾಡದವಳು. ಪ್ಯಾರಮಟ್ಟಾದ ಒಂದು ಕಂಪನಿಯಲ್ಲಿ, ಮನೆಸಾಲ ಕೇಳಿ ಬಂದವರ ಕಾಗದಗಳಲ್ಲಿ ಸುಳ್ಳು ಹುಡುಕುವುದೇ ಅವಳ ಕೆಲಸ. ಹಾಗಾಗಿ ಯಾವುದನ್ನೂ ಸುಮ್ಮನೆ ನಂಬದ ಚಾಳಿ ಬಿದ್ದಿತ್ತು. ಅಂಗಡಿಯಲ್ಲಿ 'ಫ್ರೆಶ್' ಎಂದು ಬರೆದಿಟ್ಟ ಕೊತ್ತಂಬರಿಯನ್ನೂ ಮೂಸಿ ನೋಡಿಯೇ ಬುಟ್ಟಿಗೆ ಹಾಕುವವಳು.

ಭರಣಿ ತೊಳೆಯಲು ಚಿಲ್ಲರೆಯನ್ನು ಸುರಿದಾಗ 1937ರ ಅಮೆರಿಕದ ಐದು ಸೆಂಟಿನ ನಾಣ್ಯವೊಂದು ಕಣ್ಣಿಗೆ ಬಿತ್ತು. ಒಂದು ಬದಿ ಅಲ್ಲಿನ ಮೂಲನಿವಾಸಿಯ ಮುಖ, ಇನ್ನೊಂದು ಬದಿ ಕಾಡೆಮ್ಮೆ.

"ನೋಡ್ರಿ ಇಲ್ಲೆ, ಈ ಎಮ್ಮಿಗೆ ಮೂರ ಕಾಲು," ಎಂದು ಗಂಡ ವಿರುಪಾಕ್ಷನಿಗೆ ತೋರಿಸಿದಳು.

"ಸವದಿರಬೇಕ ತಗೋ. ನನ್ನ ಮೊಣಕಾಲು ಸವದಿಲ್ಲೇನು?"

"ಉಳಿದ ಮೂರು ಗಟ್ಟಿ ಅದಾವ. ಇದರ ಗೊರಸೂ ಅದ. ಗೊರಸಿನ ಮ್ಯಾಲಿನ ಕಾಲಷ್ಟ ಎಲ್ಲಿ ಹೋತು?"

ಇಂಟರ್‌ನೆಟ್ಟಿನಲ್ಲಿ ಹುಡುಕಿದಳು. ಡೆನ್ವರ್‌ನ ಟಂಕಸಾಲೆಯಲ್ಲಿ ಯಾರೋ ಅಚ್ಚನ್ನು ಅತಿಯಾಗಿ ಉಜ್ಜಿ ಒಂದು ಕಾಲನ್ನೇ ಅಳಿಸಿಬಿಟ್ಟಿದ್ದರಂತೆ. ಆ ನಾಣ್ಯಗಳಿಗೆ ಈಗ ಭಾರಿ ಬೇಡಿಕೆಯಂತೆ. ಸಾಮಾನ್ಯ ನಾಣ್ಯದ ಕಾಲನ್ನು ಅರದಿಂದ ಉಜ್ಜಿ ಮಾರುವ ಮೋಸಗಾರರೂ ಇದ್ದಾರೆಂದು ಕೆಳಗೆ ಬರೆದಿತ್ತು. ಆ ಎರಡನೆಯ ಮಾತನ್ನು ಅವಳು ತಕ್ಷಣ ನಂಬಿದಳು.

ಮರುವಾರ ಆಫೀಸಿನ ಟ್ರೇನಿಂಗ್‌ಗೆ ಮೆಲ್ಬರ್ನ್‌ಗೆ ಹೋದಾಗ ನಾಣ್ಯವೂ ಪರ್ಸಿನಲ್ಲಿತ್ತು. ಪೇಟೆಯ ನಾಣ್ಯದಂಗಡಿಯ ಸ್ಟಾವ್ರೋಸ್ ಎಂಬ ಗ್ರೀಕ್ ಮುದುಕನ ಮುಂದಿಟ್ಟು, "ಇದು ಖೋಟಾ ಅಂತ ಹೇಳಿಬಿಡಿ, ನಿಶ್ಚಿಂತೆಯಿಂದ ಹೋಗುತ್ತೇನೆ" ಎಂದಳು.

ಸ್ಟಾವ್ರೋಸ್ ಭೂತಗನ್ನಡಿ ಹಿಡಿದು ನೋಡಿ, ಅದನ್ನು ಅವಳ ಕೈಗೇ ಕೊಟ್ಟ. "ಕಾಲನ್ನು ಬಿಡಿ. ಹೊಟ್ಟೆಯ ಕೆಳಗೆ ನೋಡಿ."

ಹೊಟ್ಟೆಯಿಂದ ನೆಲದವರೆಗೆ ಸಣ್ಣ ಸಣ್ಣ ಉಬ್ಬು ಚುಕ್ಕೆಗಳ ಸಾಲು.

"ಅಯ್ಯ, ಉಚ್ಚಿ ಹೊಯ್ಯಾಕತ್ತದ," ಎಂದು ಬಾಯಿಂದ ಬಂದೇಬಿಟ್ಟಿತು. ಏನೆಂದಿರಿ ಎಂದು ಅವನು ಕೇಳಿದ್ದಕ್ಕೆ ನಾಚಿಕೊಂಡೇ ಇಂಗ್ಲಿಷಿನಲ್ಲಿ ಹೇಳಿದಳು.

ಮುದುಕ ಕಣ್ಣೀರು ಬರುವಷ್ಟು ನಕ್ಕ. "ಅದೇ ಸಾಕ್ಷಿ. ಅರ ಹಿಡಿದವನು ಲೋಹವನ್ನು ಕೆರೆದು ತೆಗೆಯಬಲ್ಲ, ಹೀಗೆ ಉಬ್ಬಿಸಲಾರ. ಇದು ಅಸಲಿ. ಸವೆದಿದ್ದರೂ ಎಂಟುನೂರು ಡಾಲರಿಗೆ ನಾನೇ ಕೊಳ್ಳುತ್ತೇನೆ."

ಅವಳು ಕೊಡಲಿಲ್ಲ. ವಿಮಾನದಲ್ಲಿ ಕುಳಿತರೂ ಮನಸ್ಸು ಕುಳಿತಲ್ಲಿ ಕೂರಲಿಲ್ಲ. ಸಿಡ್ನಿಯಲ್ಲಿ ಇಳಿದವಳು ನೇರ ಮಾರ್ಗರೆಟ್ ಮನೆಗೇ ಹೋಗಿ ಎಲ್ಲವನ್ನೂ ಹೇಳಿದಳು.

"ಮಾರಿದ ಮೇಲೆ ಅದು ನಿನ್ನದು," ಎಂದ ಅಜ್ಜಿ, ನಾಣ್ಯವನ್ನು ತಿರುಗಿಸಿ ನೋಡಿದವರೇ ರಟ್ಟಿನ ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟರು. ಯುದ್ಧದ ಕಾಲದಲ್ಲಿ ಅವರ ಅಪ್ಪನದು ಮೆಲ್ಬರ್ನ್‌ನಲ್ಲಿ ಐಸ್‌ಕ್ರೀಮ್ ಅಂಗಡಿ. ಅಮೆರಿಕದ ಸಿಪಾಯಿಯೊಬ್ಬ ಇದನ್ನು ಕೊಟ್ಟು ಹೋಗಿದ್ದ.

"ಕುಂಟು ದನ ತಗೊಂಡು ಐಸ್‌ಕ್ರೀಮ್ ಕೊಟ್ಟ ಜಾಣ ಅಂತ ಅಮ್ಮ ಸಾಯುವವರೆಗೂ ಹಂಗಿಸಿದಳು. ಇದು ಎಲ್ಲರ ಬಳಿ ಇರುವಂಥದ್ದಲ್ಲ ಅಂತ ಅಪ್ಪ ಹಟ ಬಿಡಲಿಲ್ಲ. ನಾನು ಅದೊಂದು ತಮಾಷೆ ಅಂದುಕೊಂಡಿದ್ದೆ," ಎಂದು ಮೂಗು ಒರೆಸಿಕೊಂಡರು. "ಗೆದ್ದ ನೋಡು ಮುದುಕ."

ಮಹಾಶ್ವೇತಾ ಆ ಸುಕ್ಕುಗಟ್ಟಿದ ಅಂಗೈಯನ್ನು ನಾಣ್ಯದ ಮೇಲೆ ಮಡಿಚಿ ಎದ್ದು ಬಂದಳು.

"ಎಂಟನೂರು ಡಾಲರ್ ಹಂಗ ಕೊಟ್ಟ ಬಂದ್ಯಾ?" ಎಂದ ವಿರುಪಾಕ್ಷ.

"ನಾ ಕೊಂಡಿದ್ದು ಭರಣಿ ರೀ."

ಅವನು ಭರಣಿಯನ್ನೊಮ್ಮೆ ನೋಡಿ, "ಚಲೋ ಮಾಡಿದಿ ಬಿಡು," ಎಂದ.

ಸುದ್ದಿ ಹಬ್ಬಿತು. ಈಗ ಭಾನುವಾರವಾದರೆ ಯಾರಾದರೊಬ್ಬರು ಹಳೆಯ ನಾಣ್ಯ ಹಿಡಿದು ಬಾಗಿಲಿಗೆ ಬರುತ್ತಾರೆ. ಮೊನ್ನೆ ಬಂದವರು ಮಂಗಳೂರಿನ ಇಗ್ನೇಶಿಯಸ್ ಅಂಕಲ್, ಎರಡೂ ಬದಿಗೆ ತಲೆಯಿರುವ ಅಮೆರಿಕದ ನಾಣ್ಯದೊಂದಿಗೆ. "ಇದಕ್ಕೆ ಬೆಲೆ ಉಂಟಾ?"

ಅವಳು ಅಂಚಿನ ಒಳಗಿನ ಕೂದಲೆಳೆಯಷ್ಟು ಬಿರುಕು ತೋರಿಸಿದಳು. "ಒಂದನ್ನ ಕೊರದು ಇನ್ನೊಂದನ್ನ ಒಳಗ ಕೂಡಿಸ್ಯಾರ ಅಂಕಲ್. ಜಾದೂ ಮಾಡೋರ ಸಾಮಾನು. ಏನೂ ಬರಂಗಿಲ್ಲ."

ಅಂಕಲ್ ಅದನ್ನು ಜೋಪಾನವಾಗಿ ಜೇಬಿಗೆ ಇಳಿಸಿದರು.

"ಹಾಗೆ ಹೇಳ್ಬೇಡ ಮಾರಾಯ್ತಿ. ನಾರ್ತ್ ಸಿಡ್ನಿ ಆಫೀಸಿನಲ್ಲಿ ಇದರದ್ದೇ ಟಾಸ್ ಹಾಕಿ, ರಿಟೈರ್ ಆಗುವವರೆಗೆ ಕಾಫಿ ಫ್ರೀ ಕುಡಿದಿದ್ದೇನೆ."