ರುಬೀನಳ ಎದೆಯುರಿ

ಉಪ್ಪಿನಂಗಡಿಯ ರುಬೀನ ಯುಎಇಯ ಅಲ್ ಐನ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್. ಗಟ್ಟಿ ಹೆಂಗಸು. ರಂಜಾನ್ ತಿಂಗಳಲ್ಲಿ ಎಚ್‌ಐವಿ ಇದ್ದ ರೋಗಿಯ ರಕ್ತ ತೆಗೆದ ಸೂಜಿ ಅವಳ ಬೆರಳಿಗೇ ಚುಚ್ಚಿತು. ಸೋಂಕು ಅಂಟಿದರೆ ವೀಸಾವೂ ಇಲ್ಲ, ಕೆಲಸವೂ ಇಲ್ಲ. ಊರಿನ ವಿಮಾನ ಹತ್ತಿಸಿಬಿಡುತ್ತಾರೆ. ವೈರಸ್ ಬೇರು ಬಿಡದಂತೆ ತಡೆಯುವ ಮಾತ್ರೆಗಳನ್ನು ಡಾಕ್ಟರು ಅಂದೇ ಶುರು ಮಾಡಿಸಿದರು. ದಿನವೂ ಉಪವಾಸ ಬಿಟ್ಟ ಕೂಡಲೇ ಅವನ್ನು ನುಂಗುತ್ತಿದ್ದಳು. ಆದರೆ ಖಾಲಿ ಹೊಟ್ಟೆಗೆ ಎಣ್ಣೆಯ ಸಮೋಸ ಬಿದ್ದು ಎದೆ ಉರಿಯತೊಡಗಿತು.

ಅವಳ ರೂಮಿನಲ್ಲೇ ಇದ್ದ ಗದಗಿನ ಟೀಚರ್ ನೀಲಾಂಬಿಕಾ ಆಂಟಾಸಿಡ್ ಬಾಟಲಿ ಹಿಡಿದು ಬಂದಳು.

“ಕುಡಿಯವ್ವಾ, ಎದಿ ತಂಪಾಗ್ತೈತಿ.”

“ಈಗ ಬೇಡ ಮಾರಾಯ್ತಿ. ಇದರಲ್ಲಿರುವ ಮೆಗ್ನೀಸಿಯಂ ನನ್ನ ಮಾತ್ರೆಯನ್ನು ಹೊಟ್ಟೆಯಲ್ಲೇ ಹಿಡಿದು ಹಾಕ್ತದೆ. ಮತ್ತೆ ರಕ್ತಕ್ಕೆ ಹೋಗುವುದೆಂತ, ಮಣ್ಣು?”

“ಹಂಗಾರ ಸಮೋಸಾನರ ಬಿಡು!”

“ಅದೊಂದು ಮಾತ್ರ ಹೇಳಬೇಡ.”

ಹೇಳಿದ್ದೇನೋ ಹಾಗೆ, ಆದರೆ ಮರುದಿನದಿಂದ ಸಮೋಸ ಬಿಟ್ಟು ಗಂಜಿ ಕುಡಿಯತೊಡಗಿದಳು. ಮಾತ್ರೆ ಒಮ್ಮೆಯೂ ತಪ್ಪಲಿಲ್ಲ.

ಕೆಲವು ತಿಂಗಳ ನಂತರ ನಡೆದ ಕೊನೆಯ ಪರೀಕ್ಷೆಯಲ್ಲೂ ಸೋಂಕಿಲ್ಲ ಎಂದು ಬಂತು. “ಖಲಾಸ್! ನಾನು ಎಲ್ಲಿಗೂ ಹೋಗುವುದಿಲ್ಲ!” ಎಂದು ರುಬೀನ ವಾರ್ಡಿನಲ್ಲೇ ಕೂಗಿದಳು. ಮೆಲ್ಲಗೆ ಮಾತಾಡು ಎಂದು ಮೇಲ್ವಿಚಾರಕಿ ಗದರಿದಳು. ರುಬೀನ ಇನ್ನೊಮ್ಮೆ, ಇನ್ನೂ ಜೋರಾಗಿ ಕೂಗಿದಳು.