ಅಪ್ಪ ಸುರಿದ ಗೇರ್ ಆಯಿಲ್

ಇವತ್ತು ನಾಶಿಕ್‌ನ ಸಿಗ್ನಲ್‌ನಲ್ಲಿ ಹಳೇ ಟ್ಯಾಕ್ಸಿಯೊಂದು ನೀಲಿ ಹೊಗೆ ಬಿಟ್ಟುಕೊಂಡು ಹೋಯಿತು. ಸುಟ್ಟ ಆಯಿಲ್ ವಾಸನೆ ಮೂಗಿಗೆ ಬಡಿಯಿತು.

ನಮ್ಮಪ್ಪನ ಟ್ಯಾಕ್ಸಿಯೂ ಹೀಗೇ. ನಾಶಿಕ್‌ನಿಂದ ಔರಂಗಾಬಾದಿಗೆ ವರ್ಷಗಟ್ಟಲೆ ಓಡಿ ಎಂಜಿನ್ ಸವೆದಿತ್ತು. ನಮ್ಮ ಬೀದರ್ ಕಡೆಯ ಶರಣಪ್ಪ ಕಾಕಾ ಅದನ್ನು ಕೊಳ್ಳಲು ಬರುವ ದಿನ, ಸದ್ದು ಅಡಗಲೆಂದು ಅಪ್ಪ ಎಂಜಿನ್‌ಗೆ ದಪ್ಪ ಗೇರ್ ಆಯಿಲ್ ಸುರಿದ. ಶಾಲೆ ಬಿಟ್ಟು ಮನೆಯಲ್ಲಿದ್ದ ನಾನೇ ಡಬ್ಬಿ ಹಿಡಿದಿದ್ದೆ.

ಕಾಕಾ ಎಂಜಿನ್‌ಗೆ ಸ್ಕ್ರೂಡ್ರೈವರ್ ಊರಿ, ಹಿಡಿಕೆಗೆ ಕಿವಿಯಿಟ್ಟು ಕೇಳಿದರು.

"ಭಾರೀ ಗಪ್ಪ ಅದ ಅಲ್ಲರಿ ಅಣ್ಣಾ! ಏನವ್ವಾ, ನಿಮ್ಮಪ್ಪ ಏನೂ ಮುಚ್ಚಿಟ್ಟಿಲ್ಲಲ್ಲ?"

ಅಪ್ಪ ನನ್ನನ್ನೇ ನೋಡಿದ.

"ಇಲ್ರಿ ಕಾಕಾ," ಅಂದೆ.

ತಿಂಗಳೊಳಗೆ ವೈಜಾಪುರದ ಹತ್ತಿರ ಎಂಜಿನ್ ಜಾಮ್ ಆಯಿತು. ಹೊಟ್ಟೆಪಾಡಿಗೆ ಅದೊಂದನ್ನೇ ನಂಬಿದ್ದ ಕಾಕಾ ಮನೆಗೆ ಬಂದರು.

"ನಿನಗ ಗಾಡಿ ನಡಸೂದಽ ಬರಂಗಿಲ್ಲ!" ಅಪ್ಪ ಗದರಿದ.

ಕಾಕಾ ತಲೆ ತಗ್ಗಿಸಿದರು. "ಹೌದ್ರಿ. ಈ ಕೂಸು ಸುಳ್ಳ ಹೇಳಂಗಿಲ್ಲ. ನಾನೇ ಕೆಡಿಸೀನಿ."

ಆಮೇಲೆ ಅವರು ಸ್ಟಿಯರಿಂಗ್ ಮುಟ್ಟಲೇ ಇಲ್ಲ. ಲಾಸಲಗಾಂವ್‌ನ ಈರುಳ್ಳಿ ಮಂಡಿಯಲ್ಲಿ ಉಳ್ಳಾಗಡ್ಡಿ ಚೀಲ ಹೊತ್ತು ಮುದುಕರಾದರು.

ಈಗ ಅವರೂ ಇಲ್ಲ, ಅಪ್ಪನೂ ಇಲ್ಲ. ಕಾಕಾನ ಮಕ್ಕಳು ಯಾರಾದರೂ ಇದನ್ನು ಓದುತ್ತಿದ್ದರೆ, ಬೈಯುವುದಿದ್ದರೆ ಬೈಯಿರಿ. ಗಾಡಿ ಕೆಟ್ಟದ್ದು ನಿಮ್ಮಪ್ಪನ ಕೈಯಿಂದಲ್ಲ. ನನಗೆ ಅವತ್ತೇ ಗೊತ್ತಿತ್ತು.