ಮೂರನೇ ಮೇಜಿನ ತೋಳು

ಮಧ್ಯಾಹ್ನ ಹನ್ನೆರಡು ಗಂಟೆ ಹದಿನೇಳು ನಿಮಿಷಕ್ಕೆ ಮೇಸ್ತ್ರಿ ಜಿ ವೆನ್-ತು ಮೂರನೇ ಮೇಜಿನ ಮುಂದೆ ಮಂಡಿಯೂರಿ, ಬಾಯಲ್ಲಿ ಸಣ್ಣ ಟಾರ್ಚು ಕಚ್ಚಿಕೊಂಡು, ಅಳತೆ ಟೇಪಿನ ತುದಿಯನ್ನು ನೆಲಕ್ಕೆ ಒತ್ತಿ ಹಿಡಿದಿದ್ದ. ದೀಪಗಳೆಲ್ಲ ಆರಿದ್ದವು. ಊಟದ ಡಬ್ಬಿ ಮುಗಿಸಿದ ಹದಿನಾಲ್ಕು ಮಂದಿ ತಮ್ಮ ತಮ್ಮ ಮೇಜಿನ ಮೇಲೆ ಪುಟ್ಟ ದಿಂಬಿಟ್ಟು, ಅದರಲ್ಲಿ ಮುಖ ಹುದುಗಿಸಿ ಮಲಗಿದ್ದರು. ದಾಲಿ ಪಟ್ಟಣದ ಈ ಗಾಲಿಕುರ್ಚಿ ಕಾರ್ಖಾನೆಯಲ್ಲಿ ಹನ್ನೆರಡು ಹತ್ತರಿಂದ ಒಂದು ಗಂಟೆಯವರೆಗೆ ಕಂಪ್ರೆಸರ್ ಕೂಡ ಉಸಿರು ಬಿಡುವುದಿಲ್ಲ.

ಟೇಪು ನೂರಾ ಇಪ್ಪತ್ತೊಂದು ಸೆಂಟಿಮೀಟರ್ ತೋರಿಸಿತು. ಬೆಳಗ್ಗೆ ಎಂಟಕ್ಕೆ ತಾನೇ ಎತ್ತಿ ನಿಲ್ಲಿಸಿದಾಗಲೂ ಅಷ್ಟೇ ಇತ್ತು. ವೆನ್-ತು ಟಾರ್ಚು ತೆಗೆದು, ಅದಕ್ಕೆ ಅಂಟಿದ ಎಂಜಲನ್ನು ಅಂಗಿಗೆ ಒರೆಸಿ, ಹಲ್ಲು ಕಡಿದ. ಈಗ ಇಷ್ಟು ಸರಿಯಾಗಿ ನಿಂತಿರುವ ಇದೇ ದರಿದ್ರ ಕಬ್ಬಿಣದ ತೋಳು ಸಂಜೆ ಐದಕ್ಕೆ ಬಂದು ನೋಡಿದರೆ ನೂರಾ ಹತ್ತಕ್ಕೋ ನೂರಾ ಏಳಕ್ಕೋ ಜೋತುಬಿದ್ದಿರುತ್ತದೆ. ಆರು ದಿನದಿಂದ ಇದೇ ಹಾಡು.

ತೋಳು ಅವನ ಕೈಯಿಂದಲೇ ಆದದ್ದು. ಓದುವ ಮೇಜಿನ ದೀಪದ ಕತ್ತಿನ ಹಾಗೆ ಎರಡು ಕಡೆ ಮಡಚುವ ಕಬ್ಬಿಣದ ಪಟ್ಟಿಗಳು, ನಡುವೆ ಎರಡು ಸ್ಪ್ರಿಂಗು, ತುದಿಯಲ್ಲಿ ಎರಡು ಗೂಡು. ಒಂದು ಗೂಡಿನಲ್ಲಿ ನಟ್ಟು ಬಿಗಿಯುವ ಏರ್ ಗನ್ನು, ಇನ್ನೊಂದರಲ್ಲಿ ಡ್ರಿಲ್ಲು. ಕೈ ಚಾಚಿದರೆ ಸಿಗಬೇಕು, ಬಿಟ್ಟರೆ ಇಟ್ಟಲ್ಲೇ ನಿಲ್ಲಬೇಕು. ಬೇಕಾದ ಎತ್ತರಕ್ಕೆ ಹೊಂದಿಸಿಕೊಳ್ಳಲು ಬರಬೇಕು. ಬರುತ್ತಲೂ ಇತ್ತು. ಬುಡದಲ್ಲಿದ್ದ ಸ್ಕ್ರೂವನ್ನು ಅಲೆನ್ ಕೀಯಿಂದ ಸಡಿಲಿಸಿದರಾಯಿತು. ಆ ಕೀ ವೆನ್-ತುವಿನ ಅಂಗಿಯ ಜೇಬಿನಲ್ಲಿರುತ್ತಿತ್ತು. ಮೂರನೇ ದಿನವೂ ತೋಳು ಇಳಿದದ್ದು ಕಂಡು ಅವನು ಆ ಸ್ಕ್ರೂಗೆ ಅಂಟು ಹಾಕಿ, ಮೇಲೆ ಕೆಂಪು ಬಣ್ಣದ ಗೆರೆ ಎಳೆದಿದ್ದ. ನಾಲ್ಕನೇ ದಿನ ಒಂದರ ಹಿಂದೊಂದು ಮೂರು ಸ್ಪ್ರಿಂಗು ಬದಲಿಸಿದ್ದ. ಐದನೇ ದಿನ ಗನ್ನನ್ನೂ ಡ್ರಿಲ್ಲನ್ನೂ ರಬ್ಬರ್ ಪೈಪಿನ ಸಮೇತ ತಕ್ಕಡಿಯಲ್ಲಿಟ್ಟು ತೂಗಿದ್ದ: ಎರಡು ಕೆಜಿ ಆರುನೂರ ನಲವತ್ತು ಗ್ರಾಂ. ಲೆಕ್ಕ ಸರಿಯಿತ್ತು. ಲೆಕ್ಕ ಸರಿಯಿದ್ದೂ ಕಬ್ಬಿಣ ಹಟ ಮಾಡುವುದನ್ನು ಅವನು ಮೂವತ್ತೊಂಬತ್ತು ವರ್ಷದ ಕೆಲಸದಲ್ಲಿ ನೋಡಿರಲಿಲ್ಲ.

ಅವನ ಮೊಣಕೈಯಿಂದ ಒಂದು ಗೇಣು ದೂರದಲ್ಲಿ, ದಿಂಬಿನ ಮೇಲೆ ಎಡಗೆನ್ನೆಯಿಟ್ಟು ಯೋ ಸು-ಲ್ವಾನ್ ಮಲಗಿದ್ದಳು. ಬಲಗೈಯನ್ನು ಮಡಿಲಲ್ಲಿ ಬೇರೆಯಾಗಿ ಮಲಗಿಸಿದ್ದಳು.

ತೋಳು ಬಂದದ್ದೇ ಆ ಕೈಗಾಗಿ. ಹತ್ತೊಂಬತ್ತು ವರ್ಷದಿಂದ ಗಾಲಿಕುರ್ಚಿಗಳಿಗೆ ಚಕ್ರ ಕೂರಿಸುತ್ತಿದ್ದವಳು ಸು-ಲ್ವಾನ್. ನಟ್ಟು ಬಿಗಿದಾದ ಮೇಲೆ ಪ್ರತಿ ಚಕ್ರವನ್ನೂ ಒಮ್ಮೆ ತಿರುಗಿಸಿ ಕಿವಿಗೊಟ್ಟು ಕೇಳುತ್ತಿದ್ದಳು. ಬೇರಿಂಗಿನಲ್ಲಿ ಒಂದು ಕಣ ಧೂಳಿದ್ದರೂ ಬಿಚ್ಚುತ್ತಿದ್ದಳು. ಅಷ್ಟೂ ವರ್ಷ ಏರ್ ಗನ್ನು ತಲೆಯ ಮೇಲಿನ ಕೊಕ್ಕೆಯಿಂದ ತೂಗುತ್ತಿತ್ತು. ಆ ಕೊಕ್ಕೆಯನ್ನು ಹಾಕಿದ್ದೂ ವೆನ್-ತುವೇ, ಅವಳಿಗಿಂತ ಮುಂಚೆ ಅಲ್ಲಿದ್ದ ಒಬ್ಬ ಉದ್ದನೆಯ ಆಳಿನ ಅಳತೆಗೆ. ಅವನು ಬಿಟ್ಟುಹೋದ ಮೇಲೆ ಕೊಕ್ಕೆಯನ್ನು ಇಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ, ಅವಳೂ ಹೇಳಲಿಲ್ಲ. ದಿನಕ್ಕೆ ಮುನ್ನೂರ ಇಪ್ಪತ್ತು ಸಲ, ವರ್ಷಕ್ಕೆ ಇನ್ನೂರೈವತ್ತು ದಿನ. ಒಂದು ಸಂಜೆ ವೆನ್-ತು ಗುಣಿಸಿ ನೋಡಿದ್ದ: ಹದಿನೈದು ಲಕ್ಷ ಇಪ್ಪತ್ತು ಸಾವಿರ ಸಲ ಅವಳು ಆ ಕೈ ಎತ್ತಿದ್ದಳು. ಆ ಹಾಳೆಯನ್ನು ಹರಿದು ಹಾಕಿದ್ದ.

ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು: ಬಲಗೈ ಎತ್ತುವ ಕೆಲಸ ಕೂಡದು. ಕಾರ್ಖಾನೆಯ ಯಜಮಾನತಿ ಝೋ ಆ ಚೀಟಿಯನ್ನು ಕನ್ನಡಕದೊಳಗಿನಿಂದ ಎರಡು ಸಲ ಓದಿ, ಶುಕ್ರವಾರದವರೆಗೆ ಗಡುವು ಕೊಟ್ಟಿದ್ದಳು. ಅಷ್ಟರಲ್ಲಿ ಮೂರನೇ ಮೇಜು ಸರಿಹೋಗದಿದ್ದರೆ ಸೋಮವಾರದಿಂದ ಸು-ಲ್ವಾನ್ ಮೇಲ್ಮಹಡಿಗೆ, ಪೆಟ್ಟಿಗೆಗೆ ಚೀಟಿ ಅಂಟಿಸುವ ಕೋಣೆಗೆ. ಅಲ್ಲಿ ಒಂದು ಕಿಟಕಿ, ಒಂದು ಕುರ್ಚಿ. ಕೇಳಲಿಕ್ಕೆ ಚಕ್ರವೂ ಇಲ್ಲ, ಹರಟಲಿಕ್ಕೆ ಜನವೂ ಇಲ್ಲ.

"ನಂಗೆ ಪರವಾಗಿಲ್ಲ ಯಜಮಾನಮ್ಮ," ಅಂದಿದ್ದಳು ಸು-ಲ್ವಾನ್. ಆಮೇಲೆ ಕೈತೊಳೆಯುವ ಕಡೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಈಗ ಬುಧವಾರ. ವೆನ್-ತು ಟೇಪು ಸುತ್ತಿಕೊಂಡು ಎದ್ದಾಗ ಮೊಣಕಾಲು ಲಟಕ್ಕೆಂದಿತು. ನಾಲ್ಕನೇ ಮೇಜಿನ ಬಾವ್-ಝು ಮುಖ ಎತ್ತದೆಯೇ ಮಾತಾಡಿದಳು.

"ಏನ್ ತು ಮೇಸ್ತ್ರಿ, ಸತ್ತೋರ್ನ ಅಳೆಯೋ ಹಾಗೆ ದಿನಾ ಬಂದು ಅಳೀತೀರಲ್ಲ. ಹೆಣದ ಪೆಟ್ಟಿಗೆ ಮಾಡಿಸ್ತೀರಾ?"

"ಮಲ್ಕೊಳೇ ತೆಪ್ಪಗೆ."

"ನೀವು ಬಿಟ್ರಲ್ವಾ ಮಲ್ಕೊಳ್ಳೋದು."

ಕೆಲಸದ ಹೊತ್ತಿನಲ್ಲಿ ಅಳೆಯಲು ಹೋದರೆ ಹದಿನಾಲ್ಕು ಮಂದಿ ಹದಿನಾಲ್ಕು ಸಲಹೆ ಕೊಡುತ್ತಾರೆ. ಅದಕ್ಕೇ ಅವನು ನಿದ್ದೆಯ ಹೊತ್ತನ್ನು ಆರಿಸಿಕೊಂಡಿದ್ದ. ಸದ್ದಿಲ್ಲ, ಅಡ್ಡ ಬರುವವರಿಲ್ಲ. ಅಳತೆ ಅಂದರೆ ಹಾಗಿರಬೇಕು.

ಒಂದು ಗಂಟೆಗೆ ದೀಪ ಹತ್ತಿದ ಕೂಡಲೇ ಅವನು ಮತ್ತೆ ಬಂದು ನಿಂತ.

"ಸು-ಲ್ವಾನ್, ನಿಜ ಹೇಳು. ಎತ್ತರ ಸರಿಯಾಗಿದೆಯಾ?"

ಅವಳು ಕೆನ್ನೆಯ ಮೇಲೆ ದಿಂಬಿನ ಗೆರೆಗಳನ್ನು ಹೊತ್ತುಕೊಂಡೇ ಕೈ ಎತ್ತಿ ಗನ್ನು ಹಿಡಿದಳು, ನಕ್ಕಳು. "ಸರಿಯಾಗಿದೆ ಮೇಸ್ತ್ರಿ. ಎಷ್ಟು ಚೆನ್ನಾಗಿ ಮಾಡಿದೀರಿ."

"ನೋವು?"

"ಪರವಾಗಿಲ್ಲ."

"ಸಂಜೆ ಹೊತ್ತಿಗೆ ಇದು ಯಾಕೆ ಇಳಿಯುತ್ತೆ? ಯಾರಾದ್ರೂ ಎಳೀತಾರಾ?"

"ಯಾರು ಎಳೀತಾರೆ, ಪಾಪ," ಅಂದಳು. ಬಾವ್-ಝು ಯಾಕೋ ಕೆಮ್ಮಿದಳು.

ಆ ಸಂಜೆಯೂ ತೋಳು ನೂರಾ ಎಂಟಕ್ಕೆ ಇಳಿದಿತ್ತು. ಮನೆಗೆ ಬಂದ ವೆನ್-ತು ಚಪ್ಪಲಿ ಬಿಟ್ಟ ಸದ್ದಿನಲ್ಲೇ ಹೆಂಡತಿ ಆ-ಹುನ್‌ಗೆ ಎಲ್ಲ ತಿಳಿಯಿತು. ಮೂಳೆ ಮಾಂಸದೊಡನೆ ಬೇಯಿಸಿದ ಹಾಗಲಕಾಯಿ ಸಾರನ್ನು ಅವನ ಮುಂದಿಟ್ಟು ಕೂತಳು. ಅವನು ಸ್ಪ್ರಿಂಗಿನ ವಿಷಯ ಹೇಳಿದ, ಅಂಟಿನ ವಿಷಯ ಹೇಳಿದ, ಕೊನೆಗೆ ಮನುಷ್ಯರ ವಿಷಯಕ್ಕೆ ಬಂದ.

"ಬಾಯಿಬಿಟ್ಟು ಕೇಳ್ತೀನಿ. ಸರಿಯಾಗಿದೆ ಅಂತಾಳೆ. ಇನ್ನೇನು ಮಾಡ್ಬೇಕು ನಾನು, ಅವಳ ಹೊಟ್ಟೆ ಒಳಗೆ ಹೋಗಿ ನೋಡ್ಲಾ?"

"ಸಾರು ಹೇಗಿದೆ?" ಅಂದಳು ಆ-ಹುನ್.

"ಚೆನ್ನಾಗಿದೆ."

"ಇಪ್ಪತ್ತೊಂಬತ್ತು ವರ್ಷದಿಂದ ಚೆನ್ನಾಗಿದೆ. ಹಾಗಲಕಾಯಿ ಎಲ್ಲಾ ಬಟ್ಟಲ ತಳದಲ್ಲಿ ಹಾಗೇ ಇರುತ್ತೆ. ನಿಮ್ಮ ಬಾಯಿ ಕೇಳ್ಕೊಂಡು ಕೂತಿದ್ರೆ ನಂಗೆ ಇದು ಗೊತ್ತಾಗ್ತಿತ್ತಾ?"

ವೆನ್-ತು ಬಟ್ಟಲು ನೋಡಿದ. "ಗೊತ್ತಿದ್ರೂ ಮಾಡ್ತೀಯಲ್ಲ."

"ನಂಗಿಷ್ಟ," ಅಂದಳು.

ಅವನು ಒಂದು ಹೋಳು ಬಾಯಿಗೆ ಹಾಕಿಕೊಂಡು ಮುಖ ಕಿವುಚಿದ. ಆದರೆ ಆ ಮಾತು ನಾಟಿತ್ತು. ಆರು ದಿನ ತಾನು ನೋಡಿದ್ದು ತೋಳನ್ನು ಮಾತ್ರ, ಅದೂ ಯಾರೂ ಅದನ್ನು ಮುಟ್ಟದ ಹೊತ್ತಿನಲ್ಲಿ. ಪ್ರಯೋಗ ಮಾಡುವವನು ಮೊದಲ ದಿನವೇ ಕಲಿಯುವ ಪಾಠವನ್ನು ಐವತ್ತೆಂಟನೇ ವಯಸ್ಸಿನಲ್ಲಿ ಮರೆತಿದ್ದಕ್ಕೆ ಅವನಿಗೆ ತನ್ನ ಮೇಲೆಯೇ ರೇಗಿತು.

ಗುರುವಾರ ಮಧ್ಯಾಹ್ನ ಎರಡೂವರೆಯಿಂದ ಅವನು ಮೂರನೇ ಮೇಜಿಗೆ ಎದುರಾಗಿದ್ದ ರಟ್ಟಿನ ಪೆಟ್ಟಿಗೆಗಳ ಹಿಂದೆ, ಕೈಯಲ್ಲೊಂದು ಪಾನಾ ಹಿಡಿದು, ಏನೋ ರಿಪೇರಿ ಮಾಡುವವನ ಹಾಗೆ ಕುಕ್ಕರುಗಾಲಲ್ಲಿ ಕೂತ. ಸು-ಲ್ವಾನ್ ಗನ್ನಿಗೆ ಕೈ ಎತ್ತಿದಾಗೆಲ್ಲ ಅವಳ ತುಟಿ ಒಳಗೆ ಹೋಗುತ್ತಿತ್ತು. ಅದನ್ನು ಅವನು ಇಪ್ಪತ್ತೆರಡು ಸಲ ಎಣಿಸಿದ.

ಮೂರು ಗಂಟೆಗೆ ತಣ್ಣನೆ ಚಹಾದ ಅಂಗಡಿಯ ಸ್ಕೂಟರು ಬಂತು. ದಿನವೂ ಬರುವಂಥದ್ದೇ, ಐದರೊಳಗೆ ಲೋಟಗಳೆಲ್ಲ ಖಾಲಿಯಾಗಿ ಕಸಕ್ಕೆ ಹೋಗುವಂಥದ್ದೇ. ಅರ್ಧ ಸಕ್ಕರೆ, ಕಡಿಮೆ ಐಸು, ಸಕ್ಕರೆಯಿಲ್ಲದ್ದು, ಸಾಬೂದಾಣಿ ಹಾಕಿದ್ದು ಎಂದು ಕೂಗಿ ಕೂಗಿ ಎಲ್ಲರೂ ತಮ್ಮ ತಮ್ಮ ಬಾಯಿ ಮುಚ್ಚಿದ ದೊಡ್ಡ ಲೋಟಗಳನ್ನು ಇಸಿದುಕೊಂಡು, ಬಟ್ಟೆಯ ಚೀಲಕ್ಕೆ ಇಳಿಬಿಟ್ಟರು. ಸು-ಲ್ವಾನ್ ತನ್ನ ಚೀಲವನ್ನು ತೋಳಿನ ತುದಿಗೆ ನೇತುಹಾಕಿದಳು. ತೋಳು ಸ್ವಲ್ಪ ತಗ್ಗಿತು.

"ಬಾವ್-ಝು, ನಿಂದೂ ಕೊಡು."

"ಇವತ್ತು ಸಾಬೂದಾಣಿ ಜಾಸ್ತಿ ಹಾಕ್ಸಿದೀನಿ ಅಕ್ಕ, ಭಾರ ಇದೆ," ಎಂದು ಬಾವ್-ಝು ತನ್ನದನ್ನೂ ತಗುಲಿಸಿದಳು.

ತೋಳು ನಿಧಾನವಾಗಿ, ಬೆನ್ನು ಬಗ್ಗಿಸುವ ಮುದುಕನ ಹಾಗೆ ಕೆಳಗೆ ಬಂತು. ಸು-ಲ್ವಾನ್ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡೇ ಗನ್ನು ಹಿಡಿದು ನಟ್ಟು ಬಿಗಿದಳು. ಈ ಸಲ ಅವಳ ತುಟಿ ಒಳಗೆ ಹೋಗಲಿಲ್ಲ.

ವೆನ್-ತು ಪೆಟ್ಟಿಗೆಗಳ ಹಿಂದಿನಿಂದ ಎದ್ದು ಬಂದ ರಭಸಕ್ಕೆ ಮೇಲಿನ ಎರಡು ಪೆಟ್ಟಿಗೆ ಉರುಳಿದವು.

"ಒಂದೂವರೆ ಕೆಜಿ," ಅಂದ. "ನಾನು ಗ್ರಾಂ ಲೆಕ್ಕದಲ್ಲಿ ಸ್ಪ್ರಿಂಗು ಹುಡುಕ್ತಾ ಇದೀನಿ, ನೀವು ಅದರ ಮೇಲೆ ಒಂದೂವರೆ ಕೆಜಿ ಚಹಾ ಹೇರ್ತೀರಾ? ಮೂರು ಸ್ಪ್ರಿಂಗು ಎಸೆದೆ ನಾನು. ಮೂರು."

"ಲೋಟ ಇಡಕ್ಕೆ ಜಾಗ ಎಲ್ಲಿದೆ ಮೇಸ್ತ್ರಿ," ಅಂದಳು ಬಾವ್-ಝು.

"ನಿನ್ನ ಕೇಳ್ಲಿಲ್ಲ. ಸು-ಲ್ವಾನ್, ಎತ್ತರ ಜಾಸ್ತಿ ಆಯ್ತು ಅಂತ ಒಂದು ಮಾತು ಹೇಳೋಕೆ ಆಗ್ಲಿಲ್ವಾ ನಿಂಗೆ?"

ಅವಳು ಗನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೆಲ ನೋಡಿದಳು. "ಊಟ ಆದ ಮೇಲೆ ಎಲ್ರೂ ಮಲ್ಕೊಂಡಾಗ ನೀವೊಬ್ರೇ ಮಂಡಿ ಊರಿ ಅಳೀತಿದ್ರಿ. ನಂಗೆ ನಿದ್ದೆ ಬಂದಿರ್ತಿರ್ಲಿಲ್ಲ, ಕಣ್ಣು ಮುಚ್ಕೊಂಡಿರ್ತಿದ್ದೆ. ಅಷ್ಟು ಕಷ್ಟಪಟ್ಟು ಮಾಡಿದ್ದನ್ನ ಸರಿಯಿಲ್ಲ ಅಂತ ಹೇಗೆ ಹೇಳ್ಲಿ?"

ವೆನ್-ತುವಿಗೆ ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸಿತು. "ನೂರಾ ಇಪ್ಪತ್ತೊಂದಕ್ಕಿಂತ ಕೆಳಗಿಟ್ರೆ ಕುರ್ಚಿಯ ಹಿಡಿಕೆಗೆ ಬಡಿಯುತ್ತೆ. ಸ್ಟ್ಯಾಂಡಿನ ಮೇಲಿಟ್ರೆ ಹಿಡಿಕೆ ನೂರಾ ಹದಿನೇಳು. ನಕ್ಷೆಯಲ್ಲಿದೆ."

"ನಾನು ಹಿಡಿಕೆ ಗೋಡೆ ಕಡೆ ತಿರುಗಿಸ್ಕೊಂಡು ಮಾಡ್ತೀನಿ."

"ಯಾವಾಗಿಂದ?"

"ಬಂದಾಗಿಂದ."

ಅವನು ಅವಳ ಮುಂದಿದ್ದ ಗಾಲಿಕುರ್ಚಿಯನ್ನು ನೋಡಿದ. ಹಿಡಿಕೆಗಳು ಗೋಡೆಯ ಕಡೆ ಇದ್ದವು. ಹತ್ತೊಂಬತ್ತು ವರ್ಷ ಅವನು ಈ ಮೇಜಿನ ಮುಂದೆ ದಿನಕ್ಕೆ ಹತ್ತು ಸಲ ಹಾದುಹೋಗಿದ್ದ.

ಗದ್ದಲ ಕೇಳಿ ಯಜಮಾನತಿ ಇಳಿದು ಬಂದಿದ್ದಳು. ಉರುಳಿದ ಪೆಟ್ಟಿಗೆ, ನೇತಾಡುವ ಲೋಟ, ಮೇಸ್ತ್ರಿಯ ಕೆಂಪು ಮುಖ ಎಲ್ಲವನ್ನೂ ಒಂದೇ ನೋಟದಲ್ಲಿ ಕೂಡಿಸಿಕೊಂಡಳು.

"ನಾಳೆ ಶುಕ್ರವಾರ," ಅಂದಳು.

"ನಾಳೆ ಸರಿ ಮಾಡಿ ತೋರಿಸ್ತೀನಿ ಯಜಮಾನಮ್ಮ."

"ನಿಮ್ಮ ಮಾತು ನಂಗೆ ಬೇಡ ಮೇಸ್ತ್ರಿ. ಕೈ ಅವಳದ್ದು. ಎಷ್ಟು ಎತ್ತರದಲ್ಲಿ ನೋಯಲ್ಲ ಅಂತ ಅವಳ ಬಾಯಲ್ಲೇ ಬರಲಿ. ಮತ್ತೆ ಪರವಾಗಿಲ್ಲ ಗಿರವಾಗಿಲ್ಲ ಅಂದ್ರೆ, ಸೋಮವಾರ ಮೇಲ್ಮಹಡಿ. ನೋವು ಮುಚ್ಚಿಡೋರನ್ನ ಯಂತ್ರದ ಮುಂದೆ ನಿಲ್ಲಿಸ್ಕೊಂಡು ನಾನೇನು ಮಾಡ್ಲಿ?"

ಆ ಸಂಜೆ ವೆನ್-ತು ಬಿಸಿಗಾಳಿ ಹಿಡಿದು ಸ್ಕ್ರೂವಿನ ಅಂಟು ಕರಗಿಸಿದ. ಬೈದುಕೊಳ್ಳುತ್ತಲೇ ಕರಗಿಸಿದ. ಅಂಟು ಹಾಕಿದವನನ್ನು ಬೈಯುತ್ತಿದ್ದ, ಹಾಕಿದವನು ತಾನೇ ಎಂಬುದು ಆಗಾಗ ನೆನಪಾಗಿ ಇನ್ನಷ್ಟು ಬೈಯುತ್ತಿದ್ದ. ಸ್ಕ್ರೂ ಇದ್ದಲ್ಲಿ ಹಳೇ ಲೇತಿನಿಂದ ಬಿಚ್ಚಿದ ಒಂದು ಹಿಡಿಗಾತ್ರದ ತಿರುಗಣೆ ಕೂರಿಸಿದ. ಎಡಗೈಯಲ್ಲಿ, ಎರಡು ಬೆರಳಲ್ಲಿ ತಿರುಗಿಸಿದರೆ ತೋಳು ಏರಬೇಕು, ಇಳಿಯಬೇಕು. ಮೇಜಿನ ಅಂಚಿಗೆ ಲೋಟಕ್ಕೆಂದು ಒಂದು ಕಂಬಿಯ ಬಳೆಯನ್ನೂ ಬೆಸುಗೆ ಹಾಕಿದ. ಅದನ್ನು ಯಾರೂ ಕೇಳಿರಲಿಲ್ಲ.

ಶುಕ್ರವಾರ ಬೆಳಗ್ಗೆ ಯಜಮಾನತಿ ಕೈಕಟ್ಟಿ ನಿಂತಳು. ಬಾವ್-ಝು ಕೆಲಸ ಮಾಡುವವಳ ಹಾಗೆ ನಟಿಸುತ್ತ ಒಂದೇ ನಟ್ಟನ್ನು ನಾಲ್ಕು ಸಲ ಒರೆಸಿದಳು.

"ತಿರುಗಿಸು," ಅಂದ ವೆನ್-ತು. "ನಿಂಗೆ ಬೇಕಾದಲ್ಲಿ ನಿಲ್ಲಿಸು."

ಸು-ಲ್ವಾನ್ ತಿರುಗಿಸಿದಳು. ತೋಳು ನೂರಾ ಹದಿನೈದಕ್ಕೆ ಬಂತು. ಅವಳು ಅವನ ಮುಖ ನೋಡಿದಳು. ಅವನ ಹುಬ್ಬು ತಾನಾಗಿಯೇ ಗಂಟಿಕ್ಕಿತು, ಅವಳ ಕೈ ನಿಂತಿತು. "ಇಷ್ಟು ಸಾಕು ಅನ್ಸುತ್ತೆ," ಅಂದಳು.

"ಸಾಕಾ?" ಅಂದಳು ಯಜಮಾನತಿ.

"ಪರ..." ಎಂದು ಶುರುಮಾಡಿ ಸು-ಲ್ವಾನ್ ಅಲ್ಲೇ ನಿಲ್ಲಿಸಿದಳು.

ವೆನ್-ತು ಅವಳ ಕಣ್ಣು ಯಾವ ಕಡೆ ಇದೆಯೆಂದು ನೋಡಿದ. ತೋಳಿನ ಕಡೆ ಇರಲಿಲ್ಲ, ಅವನ ಮುಖದ ಮೇಲಿತ್ತು. ಅಳತೆಗೆ ಅಡ್ಡ ಬರುತ್ತಿದ್ದ ವಸ್ತು ಇದು ಎಂದು ಅವನಿಗೆ ಆಗ ಖಚಿತವಾಯಿತು. ಸೊಂಟದಿಂದ ಟೇಪು ತೆಗೆದು ಅವಳ ಎಡಗೈಗೆ ಕೊಟ್ಟ.

"ನಾನು ಗೋಡೆ ನೋಡ್ತೀನಿ. ಯಜಮಾನಮ್ಮ, ನೀವೂ ತಿರುಗಿ. ಬಾವ್-ಝು, ನೀನೂ. ಸು-ಲ್ವಾನ್, ತಿರುಗಿಸು, ಗನ್ನು ಹಿಡಿ, ಒಂದು ಚಕ್ರ ಹಾಕು. ನೋವಾಯ್ತಾ, ಇಳಿಸು. ಇನ್ನೊಂದು ಚಕ್ರ ಹಾಕು. ನೋವೇ ಆಗದೇ ಇರೋ ಕಡೆ ಅಳೆದು ಸಂಖ್ಯೆ ಹೇಳು. ನನ್ನ ಲೆಕ್ಕ ತಪ್ಪಿದ್ರೆ ನಂಗೆ ಸಂತೋಷನೇ."

ಅವನು ತಿರುಗಿ ನಿಂತ. ಗೋಡೆಯ ಮೇಲೆ ಬೆಂಕಿ ಆರಿಸುವ ಕ್ರಮದ ಚಿತ್ರಪಟವಿತ್ತು. ಅದನ್ನು ಮೊದಲಿಂದ ಕೊನೆಯವರೆಗೆ ಓದಿದ. ಹಿಂದೆ ತಿರುಗಣೆ ಕಿರುಗುಟ್ಟಿತು. ಗನ್ನು ಗುರ್ರೆಂದಿತು. ಚಕ್ರ ತಿರುಗಿ ತಿರುಗಿ ನಿಂತ ಸದ್ದು. ಮತ್ತೆ ತಿರುಗಣೆ. ಮತ್ತೆ ಗನ್ನು. ಅವನು ಚಿತ್ರಪಟವನ್ನು ಎರಡನೇ ಸಲ ಓದಿದ. ಐದನೇ ಚಕ್ರ, ಆರನೇ ಚಕ್ರ. ಏಳನೆಯದಾದ ಮೇಲೆ ತಿರುಗಣೆ ಕಿರುಗುಟ್ಟಲಿಲ್ಲ. ಎಂಟನೆಯದಾದ ಮೇಲೂ ಇಲ್ಲ. ಟೇಪಿನ ತಗಡು ನೆಲಕ್ಕೆ ತಾಗಿದ ಸಣ್ಣ ಸದ್ದು ಕೇಳಿಸಿತು.

ವೆನ್-ತು ತಿರುಗಲಿಲ್ಲ.

"ತೊಂಬತ್ತೆಂಟೂವರೆ," ಅಂದಳು ಸು-ಲ್ವಾನ್.